ಶನಿವಾರದ ಒಪ್ಪತ್ತು

ನನ್ನ ಹೆಂಡತಿ ಜ್ವರದಿಂದ ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಅವಳನ್ನು ನೆನೆದಾಗ ಮೊದಲು ಬರುವುದು ಆ ಜ್ವರವಲ್ಲ. ನಾವಿನ್ನೂ ಮದ್ರಾಸು ಸರ್ಕಾರದ ಕೆಳಗಿದ್ದ ಕಾಲ, ಮದುವೆಯಾದ ಹೊಸತು. ಅವಳ ಮಾತು ಹೋಗಿಬಿಡುತ್ತದೆಂದು ನಾನು ಆಗ ಪಟ್ಟ ಹೆದರಿಕೆಯೇ ಮೊದಲು ನೆನಪಾಗುತ್ತದೆ.

ಅವಳು ಮಡಕಶಿರದ ಕಡೆಯ ಅಗಳಿಯವಳು. ರಾಯದುರ್ಗದ ನಮ್ಮ ಮನೆಗೆ ಬಂದ ವರ್ಷ, ಒಂದು ಮಧ್ಯಾಹ್ನ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತಿ ನನ್ನನ್ನೇ ನೋಡಿದಳು.

"ನಿಮ್ಮ ಮುಖ ಅರ್ಧ ಕಾಣ್ತಾ ಇಲ್ಲ. ಗರಗಸದ ಹಲ್ಲಿನಂಗೆ ಏನೋ ಮಿಣಮಿಣ ಅಂತೈತೆ."

ತಮಾಷೆ ಎಂದುಕೊಂಡೆ. ಆಮೇಲೆ ಅವಳ ಬಲಗೈ ಜೋಮು ಹಿಡಿಯಿತು. ನೀರು ಕೇಳಲು ಹೋಗಿ "ಮೊರ, ಮೊರ" ಎಂದಳು. ತಪ್ಪು ಹೇಳುತ್ತಿದ್ದೇನೆಂದು ಅವಳಿಗೆ ತಿಳಿದಿತ್ತು. ಕಣ್ಣು ಅದನ್ನೇ ಹೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮಾತು ತಿರುಗಿ ಬಂತು. ಅದರ ಹಿಂದೆಯೇ ಎಡಗಡೆಯ ತಲೆ ಸಿಡಿಯತೊಡಗಿತು. ವಾಂತಿ ಮಾಡಿಕೊಂಡು ಕತ್ತಲ ಕೋಣೆಯಲ್ಲಿ ಮಲಗಿದಳು.

ಡಾಕ್ಟರು ಅರೆತಲೆನೋವು ಎಂದು ಪುಡಿ ಕಟ್ಟಿಕೊಟ್ಟರು. "ಮಿದುಳಿನಾಗ ಏನಾಗ್ತೈತೋ ನಮಗೂ ಪೂರ್ತಿ ಗೊತ್ತಿಲ್ರಿ" ಎಂದರು. ಅವರಿಗೇ ಗೊತ್ತಿಲ್ಲವೆಂದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಒಂದು ಸಲ ಹೋದ ಮಾತು ಮರಳದೇ ಇದ್ದರೆ?

ಅಮ್ಮ ಆಂಜನೇಯನಿಗೆ ಹರಕೆ ಹೊತ್ತಳು. ಸೊಸೆ ಪ್ರತಿ ಶನಿವಾರ ಒಪ್ಪತ್ತು ಇರಬೇಕು, ಸಂಜೆ ದೀಪ ಹಚ್ಚುವವರೆಗೆ ಬರೀ ನೀರು. ಮೊದಲ ಶನಿವಾರವೇ, ಹೊತ್ತು ಇಳಿಯುವಾಗ, ಅದೇ ಮಿಣಮಿಣ, ಅದೇ ತೊದಲು. ದೇವರಿಗೆ ಒಂದು ದಿನ ಸಾಲಲಿಲ್ಲವೆಂದು ಅಮ್ಮ ಸೋಮವಾರವನ್ನೂ ಸೇರಿಸಿದಳು. ಸೋಮವಾರವೂ ಬಂತು. ಗುರುವಾರ ಸೇರಿತು. ಅವಳು ಸೊರಗಿದಳು. ನೋವು ಹೆಚ್ಚಿದಷ್ಟೂ ನಮ್ಮ ಭಕ್ತಿ ಕಡಿಮೆಯಾಯಿತೆಂದೇ ಮನೆಮಂದಿಯೆಲ್ಲ ತಿಳಿದೆವು.

ಆಗ ಡಿ. ಹಿರೇಹಾಳಿನಲ್ಲಿ ದಾಯಾದಿಯೊಬ್ಬರು ತೀರಿಕೊಂಡರು. ಸೂತಕದಲ್ಲಿ ವ್ರತ ನಡೆಸುವಂತಿಲ್ಲ. ಅವಳು ಬೆಳಿಗ್ಗೆ ಅಂಬಲಿ ಕುಡಿದಳು, ಮಧ್ಯಾಹ್ನ ಮುದ್ದೆ ಉಂಡಳು. ಸೂತಕ ಕಳೆಯುವವರೆಗೂ ತಲೆನೋವು ಸುಳಿಯಲಿಲ್ಲ.

"ಅತ್ತೆ, ಹೊಟ್ಟೆಗೆ ಬಿದ್ರೆ ತಲೆ ಸುಮ್ಕಿರ್ತೈತೆ ಕಣತ್ತೆ. ಹಸ್ಕೊಂಡಾಗ್ಲೇ ಬರೋದು."

"ಅಗಳಿಯವ್ರಿಗೆ ಉಣ್ಣಾಕ ಒಂದು ನೆಪ ಬೇಕು ನೋಡು!" ಎಂದು ಅಮ್ಮ ಚುಚ್ಚಿದಳು. ಮುಖ ಮಾತ್ರ ಇಳಿದಿತ್ತು. "ಹರಕಿ ಬಿಟ್ರ ಏನಾಗ್ತೈತಿ ಗೊತ್ತೇನು ನಿನಗ?"

"ಅದು ಗೊತ್ತಿಲ್ಲ. ಬಿಡದಿದ್ರೆ ಏನಾಗ್ತೈತೆ ಅಂತ ಗೊತ್ತು."

ನನಗೆ ಎರಡೂ ಕಡೆಯ ಹೆದರಿಕೆ. ಉಪವಾಸವಿದ್ದರೆ ಮಾತು ಹೋಗುತ್ತದೆ. ಮುರಿದರೆ ದೇವರು ಸಿಟ್ಟಿಗೆದ್ದು ಅದನ್ನೇ ಕಿತ್ತುಕೊಂಡರೆ?

ಸೂತಕ ಕಳೆದ ಮೇಲಿನ ಶನಿವಾರ, ಅಮ್ಮ ಸ್ನಾನ ಮಾಡಿ ಬಂದು ಸೊಸೆಯ ಮುಂದೆ ಮುದ್ದೆ, ಸೊಪ್ಪಿನ ಸಾರು ಇಟ್ಟಳು. ತನಗೆ ತಟ್ಟೆ ಹಾಕಿಕೊಳ್ಳಲಿಲ್ಲ.

"ಹರಕಿ ಹೊತ್ತಾಕಿ ನಾನು. ಉಪಾಸ ನಾನೇ ಇರ್ತೀನಿ. ಸಿಟ್ಟು ಬಂದ್ರ ನನ್ ಮ್ಯಾಲೆ ಬರ್ಲಿ. ಏನ್ ನೋಡ್ತಿ? ನುಂಗು."

ಅವಳು ಒಂದೊಂದೇ ತುತ್ತು ನುಂಗಿದಳು. ಯಾರೋ ಬರುವರೆಂಬಂತೆ ಅಮ್ಮ ಬಾಗಿಲ ಕಡೆಗೇ ನೋಡುತ್ತಿದ್ದಳು. ಹೊತ್ತು ಇಳಿಯತೊಡಗಿದಾಗ ನನಗೆ ತಡೆಯಲಾಗಲಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿ ಅವಳಿಗೆ ತೋರಿಸಿದೆ.

"ಇದೇನು?"

"ಚೊಂಬು."

"ಅದು?"

"ಒರಳು. ನಾನೇನು ಮಗೂನಾ? ಸುಮ್ಕಿರ್ರಿ."

ಮತ್ತೆ ಕೇಳಿದೆ. ಬೈದುಕೊಂಡೇ ಒಂದೊಂದನ್ನೂ ಸರಿಯಾಗಿ ಹೇಳಿದಳು. ಮುಂದೆಯೂ ಅಪರೂಪಕ್ಕೆ ನೋವು ಬರುತ್ತಿತ್ತು, ಆದರೆ ಅವಳನ್ನು ಹಸಿದಿರಲು ನಾವು ಬಿಡಲಿಲ್ಲ. ಆ ದಿನ ಮಾತ್ರ ನಮಗೆ ಅದಾವುದೂ ತಿಳಿದಿರಲಿಲ್ಲ. ಸಂಜೆ ದೀಪ ಹಚ್ಚಿ ಅಮ್ಮ ಉಣ್ಣಲು ಕೂತಳು. ಕಣ್ಣು ಇನ್ನೂ ಬಾಗಿಲ ಕಡೆಗೇ ಇತ್ತು, ಮುದ್ದೆ ಮುರಿಯಲಿಲ್ಲ. ನನ್ನ ಹೆಂಡತಿ ಪಕ್ಕದಲ್ಲಿ ಕೂತು ಮುರಿದು ಕೊಟ್ಟಳು.