ಕುಂಕುಮ ಹಚ್ಚಿದ ನೋಟಿಸು

1962ನೇ ಇಸವಿಯಲ್ಲಿ ನಾನು ಜಯನಗರದಲ್ಲಿ ಮನೆ ನಿವೇಶನ ಹಂಚುವ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆನೆಂದು ಓದುಗ ಮಹಾಶಯರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಪತ್ರಗಳ ಕರಡು, ಅಂದರೆ ಡ್ರಾಫ್ಟ್, ಬರೆಯುವುದು ನನ್ನ ಕೆಲಸ. ಈ ಬರಹವನ್ನು ತಿದ್ದಲು ಮೇಲಧಿಕಾರಿಗಳಿಲ್ಲವಾದ್ದರಿಂದ ತಪ್ಪಿದ್ದಲ್ಲಿ ಮನ್ನಿಸಬೇಕು.

ಇಂಗ್ಲಿಷಿನ ಕಠಿಣ ಪದಗಳನ್ನು ಕಲಿಯುವ ಹಂಬಲ ಆಗ ನನಗೆ ವಿಪರೀತವಾಗಿತ್ತು. ಹನುಮಂತನಗರದ ಮನೆಯಿಂದ ನಡೆದು ಬರುವಾಗ ದಿನಕ್ಕೆ ಐದು ಪದಗಳನ್ನು ಅರ್ಥಸಹಿತ ಬಾಯಿಪಾಠ ಮಾಡುತ್ತಿದ್ದೆ. ಕಲಿತದ್ದನ್ನು ಅದೇ ವಾರ ಯಾವುದಾದರೂ ಪತ್ರದಲ್ಲಿ ಬಳಸದಿದ್ದರೆ ಸಮಾಧಾನವಿರುತ್ತಿರಲಿಲ್ಲ. ಹೀಗೆ ‘ರಿಸಿಂಡ್’ ಎಂಬ ಪದ, ಅಂದರೆ ಕೊಟ್ಟದ್ದನ್ನು ರದ್ದುಪಡಿಸುವುದು, ಒಂದು ನೋಟಿಸಿಗೆ ಸೇರಿತು. ಮೂವತ್ತು ದಿನದೊಳಗೆ ಮನೆ ಕಟ್ಟಲು ಆರಂಭಿಸದಿದ್ದರೆ ನಿವೇಶನ ಹೋಗುವುದೆಂಬುದು ಅದರ ತಾತ್ಪರ್ಯ.

ಇಪ್ಪತ್ತೇಳನೆಯ ದಿನ ಸಾವಿತ್ರಮ್ಮ ಎಂಬುವರು ಸದರಿ ನೋಟಿಸನ್ನು ಹಿಡಿದು ಬಂದರು. ಅದರ ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚಿತ್ತು.

“ದೇವರ ಮುಂದೆ ಇಟ್ಟಿದ್ದೆ ಸಾರ್. ಸೈಟು ಖಾಯಂ ಆಯ್ತಲ್ಲ, ಕಲ್ಲುಸಕ್ಕರೆ ತಗೊಳ್ಳಿ.”

“ಖಾಯಂ ಅಂತ ಯಾರು ಹೇಳಿದ್ರಮ್ಮ?”

“ನಮ್ಮ ಬೀದಿ ಮೇಷ್ಟ್ರು. ಇಷ್ಟು ದೊಡ್ಡ ಇಂಗ್ಲಿಷನ್ನ ಕೆಟ್ಟ ಸುದ್ದಿಗೆ ಯಾರು ಖರ್ಚು ಮಾಡ್ತಾರೆ ಅಂದ್ರು.”

ನಾನು ಅರ್ಥ ಹೇಳಿದೆ. ಆಕೆ ಬೆಂಚಿನ ಮೇಲೆ ಕುಳಿತುಬಿಟ್ಟರು. ಪತಿ ಪಾರ್ಶ್ವವಾಯುವಿನಿಂದ ಮಲಗಿ ನಾಲ್ಕು ತಿಂಗಳಾಗಿತ್ತು.

“ಮನೆ ಕಟ್ಟೋ ಮಾತಾಡಿದ್ರೆ ಮಾತ್ರ ಕಣ್ಣು ಬಿಡ್ತಾರೆ ಸಾರ್. ಈಗ ಹೋಗಿ ಏನಂತ ಹೇಳ್ಲಿ?”

ಅವರನ್ನು ಸಾಹೇಬರ ಬಳಿಗೆ ಕರೆದೊಯ್ದು, “ಡ್ರಾಫ್ಟ್ ನಂದೇ ಸಾರ್, ತಪ್ಪಾಯ್ತು,” ಎಂದೆ. ಸಾಹೇಬರು ನೋಟಿಸನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

“ಸೈನ್ ಮಾಡುವಾಗ ಈ ಪದ ನಂಗೂ ಸರಿಯಾಗಿ ಗೊತ್ತಿರ್ಲಿಲ್ಲ ಕಣ್ರೀ. ನಿಮ್ಮನ್ನ ಕೇಳೋಕೆ ನಾಚಿಕೆ ಆಯ್ತು. ಅರ್ಜಿ ಬರೆಸಿ, ಈಗಲೇ.”

ಕಾಲಾವಕಾಶದ ಅರ್ಜಿಯನ್ನು ಕನ್ನಡದಲ್ಲೇ ಬರೆದೆ. ಸಾವಿತ್ರಮ್ಮ ಸಾಲುಗಳ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾ ಒಂದು ಪದದ ಬಳಿ ತಡೆದರು.

“‘ಪರಿಶೀಲಿಸಬೇಕಾಗಿ’ ಅಂದ್ರೆ ಕೊಡ್ತಾರೋ, ಸುಮ್ನೆ ನೋಡ್ತಾರೋ?”

ಹೊಡೆದುಹಾಕಿ ‘ಆರು ತಿಂಗಳು ಸಮಯ ಕೊಡಬೇಕು’ ಎಂದು ಬರೆದೆ. ಅನಂತರವೇ ಆಕೆ ಸಹಿ ಮಾಡಿದರು. ಆರು ತಿಂಗಳು ಮಂಜೂರಾಯಿತು. ಐದನೆಯ ತಿಂಗಳಲ್ಲಿ ಪಾಯ ತೆಗೆದರು.

ಪತ್ರ ಬರೆದವನ ಕೆಲಸ ಸಹಿಯಾದಾಗ ಮುಗಿಯುವುದಿಲ್ಲ, ಪಡೆದವರಿಗೆ ತಿಳಿದಾಗ ಮುಗಿಯುತ್ತದೆ ಎಂಬುದನ್ನು ಈ ಪ್ರಕರಣ ನನಗೆ ಕಲಿಸಿತು. ಪದಗಳನ್ನು ಕಲಿಯುವುದನ್ನು ನಾನು ಬಿಡಲಿಲ್ಲ. ಆದರೆ ಪ್ರತಿ ನೋಟಿಸಿನ ಕೆಳಗೂ ಎರಡು ಸಾಲು ಕನ್ನಡ ಬರೆಯತೊಡಗಿದೆ. ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ; ಸಾಹೇಬರು ಮಾತ್ರ ಮೊದಲು ಆ ಎರಡು ಸಾಲನ್ನು ಓದಿಯೇ ಸಹಿ ಮಾಡುತ್ತಿದ್ದರು.