ಬಾನೆಟ್ ಮೇಲಿನ ಅಂಗೈ

ಬೆಂಗಳೂರಿನ ಬೆನ್ಸನ್ ಟೌನ್, ಬೆಳಗಿನ ಐದೂವರೆ. ಕೋಲಾರದ ಆಸ್ಪತ್ರೆಯಲ್ಲಿ ಅಕ್ಕ ಕಣ್ಣು ಬಿಡುತ್ತಿಲ್ಲ ಎಂದು ಭಾವ ಫೋನ್ ಮಾಡಿದ್ದರಿಂದ ಹೊರಟಿದ್ದೆ. ಬಾಡಿಗೆ ಕಾರಿನ ಡ್ರೈವರ್, ಯಾದಗಿರಿ ಕಡೆಯ ಶರಣಪ್ಪ, ಎಂಜಿನ್ ಚಾಲೂ ಮಾಡಿ ಕೆಳಗಿಳಿದು ಬಾನೆಟ್ ಮೇಲೆ ಅಂಗೈ ಇಟ್ಟು ನಿಂತುಬಿಟ್ಟ. ಚಳಿಗೆ ಅವನ ಬಾಯಿಂದ ಹಬೆ ಬರುತ್ತಿತ್ತು.

“ಹೊರಡೋಣಪ್ಪ,” ಅಂದೆ.

“ತಡೀರಿ ಅಮ್ಮಾರ, ಕೈಗೆ ಬಿಸಿ ಹತ್ಲಿ. ಟ್ರ್ಯಾಕ್ಟರ್ ಮ್ಯಾಲೆ ಕಲ್ತ ಚಾಳಿ ಇದು. ಹೊಸ ಗಾಡಿಗೆ ಬೇಕಾಗಿಲ್ಲ ಅಂತ ಮೆಕ್ಯಾನಿಕ್ ನಗ್ತಾನ. ನಗಲಿ ಬಿಡ್ರಿ.”

ಅಷ್ಟರಲ್ಲಿ ಮತ್ತೆ ಭಾವನ ಫೋನು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಹೋಯಿತು.

“ಕೈಕಾಲು ತಣ್ಣಗಾಗ್ತಿದೆ. ಎಲ್ಲಿದ್ದೀಯಮ್ಮ?”

ಇನ್ನೂ ಮನೆ ಬಾಗಿಲಲ್ಲೇ ಇದ್ದೀನಿ ಅನ್ನಲು ಬಾಯಿ ಬರಲಿಲ್ಲ. “ದಾರೀಲಿದ್ದೀನಿ ಭಾವ,” ಅಂದುಬಿಟ್ಟೆ.

ಶರಣಪ್ಪ ಅಂಗೈ ತೆಗೆದ. ಒಳಗೆ ಕೂತು ಗಾಡಿ ಬಿಟ್ಟ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಇನ್ನೂ ತಳದಲ್ಲೇ ಇತ್ತು.

ಈಗ ಕೆ.ಆರ್. ಪುರದ ಸೇತುವೆ ಹತ್ತಿರ ಲಾರಿಗಳ ಹಿಂದೆ ಸಿಕ್ಕಿಕೊಂಡಿದ್ದೇವೆ, ಇಷ್ಟನ್ನು ಗೀಚುವಷ್ಟು ಹೊತ್ತು. ಮುಳ್ಳು ಮೆಲ್ಲಗೆ ಮೇಲೆದ್ದಿದೆ. “ಈಗ ಬೆಚ್ಚಗಾತು,” ಅಂದ ಶರಣಪ್ಪ, ತನಗೆ ತಾನೇ ಅನ್ನುವ ಹಾಗೆ. ಮಡಿಲಲ್ಲಿರುವ ಫೋನು ಆಮೇಲೆ ಬಡಿದುಕೊಂಡಿಲ್ಲ.