ಮಾವ ಕಡ್ಡಿ ಮುರಿದದ್ದು

ನನ್ನ ತಂಗಿಯ ಗಂಡ ನಮ್ಮ ಅವ್ವನ ಸ್ವಂತ ತಮ್ಮ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದಲ್ಲ. ನಮ್ಮ ಮನೆ ಪಾಮನಕಲ್ಲೂರಿನಲ್ಲಿ, ಅವರದು ತುರ್ವಿಹಾಳದಲ್ಲಿ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಮದುವೆಯಾದ ಎರಡನೆಯ ಬೇಸಿಗೆಯಲ್ಲಿ, ಹೂಳು ತೆಗೆಯಲು ಬಾವಿಗೆ ಇಳಿಯುತ್ತಿದ್ದಾಗ ಹಗ್ಗ ಹರಿದು ಮಾವ ಕೆಳಗೆ ಬಿದ್ದ. ಜೀವ ಉಳಿಯಿತು. ಕುತ್ತಿಗೆಯಿಂದ ಕೆಳಗೆ ಯಾವುದೂ ಅವನ ಮಾತು ಕೇಳಲಿಲ್ಲ. ಬಂಡಿಯಲ್ಲಿ ಲಿಂಗಸುಗೂರಿನ ದವಾಖಾನೆಗೆ ಒಯ್ದೆವು. ಡಾಕ್ಟರು ಅಂಗಾಲಿಗೆ ಸೂಜಿ ಚುಚ್ಚಿ ಮಾವನ ಮುಖ ನೋಡಿದರು. ಮನೆಗೆ ಕರೆದುಕೊಂಡು ಹೋಗಿ ಎಂದರು.

ಆಮೇಲಿನದನ್ನೆಲ್ಲ ತಂಗಿ ಮಾಡಿದಳು. ಮೈ ಒಂದೇ ಕಡೆ ಒತ್ತಿದರೆ ಹುಣ್ಣಾಗುತ್ತದೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಮೊದಲ ಹುಣ್ಣು ಕಂಡ ಮೇಲೆ ತಾನೇ ತಿಳಿದುಕೊಂಡಳು. ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬಿಯ ಹಾಗೆ ಹಳೆಯ ಸೀರೆ ಸುತ್ತಿ, ಹಿಮ್ಮಡಿಗೂ ಸೊಂಟಕ್ಕೂ ಇಟ್ಟಳು. ಹೊತ್ತುಹೊತ್ತಿಗೆ ಮಗ್ಗುಲು ಹೊರಳಿಸಿದಳು. ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಹುಣ್ಣು ತೊಳೆದಳು. ಅಂಬಲಿಯನ್ನು ಅವಳೇ ಕುಡಿಸಬೇಕಿತ್ತು. ಮಾವನ ತಾಯಿ, ಅಂದರೆ ನಮ್ಮ ಅಜ್ಜಿ, ಕುಡಿಸಿದರೆ ಅವನಿಗೆ ನೆತ್ತಿಗೇರುತ್ತಿತ್ತು.

ಒಮ್ಮೆ ನಾನು ಹೋದಾಗ ಅವಳು ಅವನ ಗಡ್ಡ ಬೋಳಿಸುತ್ತಿದ್ದಳು.

“ನೋಡಳಿಯಾ,” ಎಂದ ಮಾವ, “ಹೆಂಡ್ತಿ ಕೈಯಾಗ ಕತ್ತಿ ಕೊಟ್ಟು ಕುತಗಿ ಚಾಚೀನಿ. ನಿಮ್ಮೂರಾಗ ಇಂಥಾ ಗಂಡಸ ಒಬ್ಬನರ ಅದಾನೇನು?”

“ಸುಮ್ಕಿರು ಮಾವ. ಮಾತಾಡಿದ್ರ ಮೀಸಿ ಹೋಗತೈತಿ,” ಎಂದಳು ತಂಗಿ.

“ಹೋಗ್ಲಿ ಬಿಡು. ಮೀಸಿ ತಿರುವಾಕ ಕೈಯರ ಎಲ್ಲ್ಯಾವ?”

ಇಬ್ಬರೂ ನಕ್ಕರು. ನನಗೆ ನಗಲಾಗಲಿಲ್ಲ.

ಮರುವರ್ಷ ಅದೇ ಮಾವ ಅಂಬಲಿ ಬಿಟ್ಟ. ಸಿಂಧನೂರಿನ ಕಡೆಯ, ಹೆಂಡತಿ ಸತ್ತ ರೈತನೊಬ್ಬ ತಂಗಿಯನ್ನು ಉಡಿಕೆ ಮಾಡಿಕೊಳ್ಳಲು ಕೇಳಿದ್ದ. ಗಂಡ ಬಿಟ್ಟುಕೊಟ್ಟ ಹೆಣ್ಣು ಹೀಗೆ ಇನ್ನೊಬ್ಬನ ಮನೆ ಸೇರುವುದು ನಮ್ಮಲ್ಲಿ ನಡೆಯುತ್ತಿತ್ತು. ಬಿಟ್ಟುಕೊಡಲು ಗಂಡ ಹಿರಿಯರೆದುರು ಕೈಯಾರೆ ಒಂದು ಕಡ್ಡಿ ಮುರಿಯಬೇಕು. ಆ ರೈತ ಕೇಳಿದ ಸುದ್ದಿ ಮಾವನ ಕಿವಿಗೆ ಬಿದ್ದ ದಿನವೇ, “ಹಿರಿಯರನ್ನ ಕರೀರಿ. ಅಲ್ಲೀತನಕ ನಾ ಏನೂ ಮುಟ್ಟಂಗಿಲ್ಲ,” ಎಂದನಂತೆ. ಇದು ನಾನು ಕೇಳಿದ್ದಲ್ಲ, ಅಜ್ಜಿ ಹೇಳಿದ್ದು.

ಅವ್ವ ನನ್ನನ್ನು ಕಳಿಸಿದಳು. “ಅವ ನನ್ನ ತಮ್ಮ, ಆಕಿ ನನ್ನ ಮಗಳು. ನಾ ಯಾರ ಕಡೆ ಮಾತಾಡ್ಲಿ? ನೀ ಹೋಗು.”

ಹಿರಿಯರು ಪಡಸಾಲೆಯಲ್ಲಿ ಕೂತರು. ಮಾವನ ತುಟಿ ಒಡೆದು ರಕ್ತ ಒಣಗಿತ್ತು. ತಂಗಿ ಮಾತ್ರ ಧೈರ್ಯವಾಗಿದ್ದಳು.

“ಕೈಯಾರೆ ಮುರೀಬೇಕು, ಹೌದಲ್ರೀ? ಈಗ ಮಾವನ ಕೈ ನಾನ ಅದೀನಿ. ನಾ ಮುರಿಯಂಗಿಲ್ಲ. ಮಜ್ಜಿಗಿ ಕುಡದು ಹೋಗ್ರಿ.”

“ಹುಡುಗಿ ವಕೀಲಿ ಮಾಡಾಕತ್ತಾಳಲ್ಲೋ!” ಎಂದು ಒಬ್ಬ ಹಿರಿಯ ನಕ್ಕ.

“ನನ್ನ ಹಲ್ಲು ಗಟ್ಟಿ ಅದಾವ್ರೀ,” ಎಂದ ಮಾವ. “ಬಾಯಾಗಿಡ್ರಿ, ಕಚ್ಚಿ ಮುರೀತೀನಿ.”

ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಎಲ್ಲರಿಗಿಂತ ದೊಡ್ಡವನು, “ನಡೀತೈತಿ. ಆದ್ರ ಕಡ್ಡಿ ಆಕೀನ ಇಡಬೇಕು. ಆಕೀದೂ ಒಪ್ಪಿಗಿ ಬೇಕಲ್ಲ,” ಎಂದ.

“ಇಡಂಗಿಲ್ಲ,” ಎಂದಳು ತಂಗಿ.

“ಹಂಗಾರ ಅಂಬಲಿನೂ ತರಬ್ಯಾಡ.” ಮಾವನ ದನಿ ಇಳಿಯಿತು. “ನಿನ್ನ ಬೆನ್ನು ನೋಡೀಯೇನಲೇ? ನನ್ನ ಹೊಳ್ಳಿಸಿ ಹೊಳ್ಳಿಸಿ ಮುದಿಕೀದಂಗ ಬಗ್ಗೇತಿ.”

“ಬಗ್ಗಿದ್ದು ನನ್ನ ಬೆನ್ನು. ನಿನಗೇನು?”

“ಅದನ್ನ ನೋಡಕೋತ ಬಿದ್ದಾಂವ ನಾನಲ್ಲೇನು?”

ಅವಳು ಹಿರಿಯನ ಕೈಯಿಂದ ಕಡ್ಡಿ ತೆಗೆದುಕೊಂಡಳು. “ಮುರಿದ ಕೂಡ್ಲೇ ಕುಡಿತೀಯೇನು?”

“ಕುಡಿತೀನಿ.”

ಕಡ್ಡಿಯನ್ನು ಹಲ್ಲಿನ ನಡುವೆ ಇಟ್ಟಳು. ಅವನು ಕಚ್ಚಿ ಮುರಿದ. ಅವಳು ಒಳಗೆ ಹೋಗಿ ಅಂಬಲಿ ತಂದಳು. ಮಾವ ಮಾತಿನಂತೆ ಪೂರ್ತಿ ಕುಡಿದ. ಗದ್ದಕ್ಕೆ ಇಳಿದದ್ದನ್ನು ಒರೆಸಲು ಅವಳು ಸೆರಗು ಎತ್ತಿದಾಗ ದೊಡ್ಡ ಹಿರಿಯ, “ಸಾಕು ತಂಗೀ. ಇನ್ನ ನೀ ಅವನ್ನ ಮುಟ್ಟಂಗಿಲ್ಲ,” ಎಂದ. ಅಂದೇ ಅವಳನ್ನು ಬಂಡಿ ಹತ್ತಿಸಿದೆ. ಮಸ್ಕಿ ದಾಟಿದ ಮೇಲೆ, “ಅಣ್ಣಾ, ಅಜ್ಜಿಗೆ ಅವನ್ನ ಹೊಳ್ಳಿಸಾಕ ಆಗತೈತೇನು?” ಎಂದು ಕೇಳಿದಳು. ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಉಡಿಕೆಗೆ ಅವಳು ಒಪ್ಪಲಿಲ್ಲ. ಸಿಂಧನೂರಿನವರು ಬಂದು ಕೇಳಿ ಹೋದರು. ಇವತ್ತಲ್ಲ ನಾಳೆ ಒಪ್ಪಿಯಾಳೆಂದು ಅವ್ವ ಅವಳ ಕೈತುಂಬ ಹಸಿರು ಬಳೆ ಇಡಿಸಿದಳು. ಅವಳು ಬಳೆ ಇಡಿಸಿಕೊಂಡು, ಯಾರಿಗೂ ಹೇಳದೆ ತುರ್ವಿಹಾಳಕ್ಕೆ ನಡೆದುಬಿಟ್ಟಳು. ನಾನು ಹುಡುಕಿಕೊಂಡು ಹೋದಾಗ ಮಾವನ ಮನೆಯ ಹಿತ್ತಲ ಗೋಡೆಯಾಚೆ ನಿಂತಿದ್ದಳು. ಹಿರಿಯರ ಅಂಜಿಕೆಗೆ ಅಜ್ಜಿ ಬಾಗಿಲು ತೆರೆದಿರಲಿಲ್ಲ. ತಂಗಿ ಹೊರಗಿನಿಂದಲೇ ಕೂಗುತ್ತಿದ್ದಳು:

“ಅಜ್ಜೀ, ಮೊದಲ ಕಾಲು ಮಡಚು! ಆಮ್ಯಾಲ ಭುಜ ಹಿಡಿ! ಎಳೀಬ್ಯಾಡ, ಚರ್ಮ ಕಿತ್ತು ಬರತೈತಿ!”

ಒಳಗೆ ಅಜ್ಜಿ ಅಳುವುದು ಕೇಳಿಸಿತು. ಮಾವನ ದನಿ ಕೇಳಿಸಲಿಲ್ಲ.

ಹುಣ್ಣು ಕೊಳೆತು ಜ್ವರ ಬಂತು. ಜೋಳ ತೆನೆ ಕಟ್ಟುವ ಮೊದಲೇ ಮಾವ ಹೋದ. ನಾವೆಲ್ಲ ಹೋದೆವು. ಅಂಗಳದಲ್ಲಿ ಹೆಣ ಕೂರಿಸಿದ್ದರು. ಸತ್ತವನ ಹೆಂಡತಿಯ ಬಳೆ ಒಡೆಯಲು ಮುದುಕಿಯೊಬ್ಬಳು ಕಲ್ಲು ಹಿಡಿದು ಬಂದಳು. ತಂಗಿ ಹೆಣದ ಪಕ್ಕ ಕೂತು ಎರಡೂ ಕೈ ನೆಲದ ಮೇಲೆ ಚಾಚಿದಳು.

“ಏ, ಬ್ಯಾಡಬೇ!” ಎಂದು ದೊಡ್ಡ ಹಿರಿಯ ತಡೆದ. “ಆಕಿ ಈಗ ಅವನ ಹೆಂಡ್ತಿ ಅಲ್ಲ. ಅಕ್ಕನ ಮಗಳು ಅಷ್ಟ.”

ಮುದುಕಿ ಕಲ್ಲನ್ನು ಕೆಳಗಿಟ್ಟಳು. ಹೆಣ ಎತ್ತಿದರು. ಹೆಂಗಸರು ಕಸ ಬಳಿದು ಅಂಗಳಕ್ಕೆ ನೀರು ಹಾಕಲು ಬಂದಾಗಲೂ ತಂಗಿ ಚಾಚಿದ ಕೈ ತೆಗೆದಿರಲಿಲ್ಲ.